ಕಾರಣ ತಿಳಿಯದ ರಕ್ತದ ಹೆಪ್ಪು ಮತ್ತು ಗುಪ್ತ ಕ್ಯಾನ್ಸರ್ ತಪಾಸಣೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದಕ್ಕೆ ಸ್ಪಷ್ಟ ಕಾರಣ ಕಂಡುಬಾರದಿದ್ದಲ್ಲಿ, ದೇಹದಲ್ಲಿ ಎಲ್ಲಿಯಾದರೂ ಕ್ಯಾನ್ಸರ್ ಅಡಗಿರಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆ ಆಧಾರರಹಿತವಲ್ಲ. ಆದರೆ ಭಯದಿಂದ ಸಾಲ ಮಾಡಿ ಇಡೀ ದೇಹದ ಸ್ಕ್ಯಾನ್ ಮಾಡಿಸುವುದು ಒಂದು ಅತಿರೇಕ. ಊತ ಇಳಿಯಿತೆಂದು ಯಾವ ತಪಾಸಣೆಯನ್ನೂ ಮಾಡಿಸದೆ ಮನೆಗೆ ಮರಳುವುದು ಇನ್ನೊಂದು ಅತಿರೇಕ. ಇವೆರಡರಿಂದಲೂ ರೋಗಿಗೆ ಹಾನಿಯುಂಟು.

ಈ ಪುಟದ ಸಾರಾಂಶ ಇಷ್ಟು: ಹೆಪ್ಪಿಗೆ ಚಿಕಿತ್ಸೆಯನ್ನು ತಪ್ಪದೆ ಪಡೆಯತಕ್ಕದ್ದು, ವೈದ್ಯರಿಂದ ಪೂರ್ಣ ದೈಹಿಕ ಪರೀಕ್ಷೆ, ಕೆಲವು ಸಾಮಾನ್ಯ ಪ್ರಯೋಗಾಲಯ ಪರೀಕ್ಷೆಗಳು ಹಾಗೂ ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆಯನ್ನು ಮಾಡಿಸಿಕೊಳ್ಳತಕ್ಕದ್ದು, ನಂತರ ಒಂದು ವರ್ಷದವರೆಗೆ ಎಚ್ಚರದಿಂದಿರತಕ್ಕದ್ದು. ಇದಕ್ಕೂ ಹೆಚ್ಚಿನ ಸ್ಕ್ಯಾನ್‌ಗಳು ರೋಗಲಕ್ಷಣ ಇದ್ದವರಿಗೆ ಅವಶ್ಯಕ. ಇಲ್ಲದವರಿಗೆ ಅವುಗಳಿಂದ ಆಯುಸ್ಸು ಹೆಚ್ಚುವುದೆಂದು ಇದುವರೆಗಿನ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ.

2. ರಕ್ತದ ಹೆಪ್ಪು ಎಂದರೇನು?

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ದೇಹದ ರಕ್ಷಣಾ ಕ್ರಮ. ಗಾಯವಿಲ್ಲದೆ ರಕ್ತನಾಳದ ಒಳಗೆಯೇ ಹೆಪ್ಪುಗಟ್ಟಿದಲ್ಲಿ ಅದು ರೋಗ. ಕಾಲಿನ ಅಥವಾ ತೊಡೆಯ ಆಳದ ಅಭಿಧಮನಿಯಲ್ಲಿ ಉಂಟಾಗುವ ಹೆಪ್ಪನ್ನು ವೈದ್ಯರು ಡಿ.ವಿ.ಟಿ. ಎಂದು ಬರೆಯುತ್ತಾರೆ. ಈ ಹೆಪ್ಪಿನ ತುಣುಕು ಕಳಚಿಕೊಂಡು ಹೃದಯದ ಮೂಲಕ ಸಾಗಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಲುಕಿಕೊಂಡರೆ ಅದನ್ನು ಪಲ್ಮನರಿ ಎಂಬಾಲಿಸಮ್ ಎನ್ನುತ್ತಾರೆ. ಇದು ಪ್ರಾಣಾಪಾಯಕಾರಿ.

ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು. ಅವಶ್ಯವಿದ್ದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬಹುದು.

ಅ) ಒಂದೇ ಕಾಲಿನಲ್ಲಿ ಊತ, ನೋವು, ಬಿಸಿ ಅಥವಾ ಬಣ್ಣ ಬದಲಾವಣೆ
ಆ) ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ
ಇ) ಉಸಿರೆಳೆದಾಗ ಹೆಚ್ಚಾಗುವ ಎದೆನೋವು
ಈ) ಕೆಮ್ಮಿನಲ್ಲಿ ರಕ್ತ, ಅಥವಾ ಪ್ರಜ್ಞೆ ತಪ್ಪುವುದು

ಊದಿಕೊಂಡ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಒತ್ತಿಸಿಕೊಳ್ಳುವುದು ಅಪಾಯಕರ. ತಿಕ್ಕಿದಾಗ ಹೆಪ್ಪು ಕಳಚಿಕೊಳ್ಳುವ ಸಂಭವವಿರುತ್ತದೆ.

3. 'ಕಾರಣ ತಿಳಿಯದ' ಹೆಪ್ಪು ಯಾವುದು?

ಹೆಪ್ಪು ಕಾಣಿಸಿಕೊಳ್ಳುವ ಹಿಂದಿನ ಸುಮಾರು 3 ತಿಂಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ದೀರ್ಘಕಾಲ ಹಾಸಿಗೆ ಹಿಡಿದಿರುವುದು, ಗರ್ಭಾವಸ್ಥೆ ಅಥವಾ ಬಾಣಂತನ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳ ಸೇವನೆ, ಇವುಗಳಲ್ಲಿ ಯಾವುದೂ ಇಲ್ಲದಿದ್ದು, ಮೊದಲೇ ಪತ್ತೆಯಾದ ಕ್ಯಾನ್ಸರ್ ಸಹ ಇಲ್ಲದಿದ್ದಲ್ಲಿ ಅದನ್ನು ಕಾರಣ ತಿಳಿಯದ ಹೆಪ್ಪು ಎಂದು ಪರಿಗಣಿಸಲಾಗುತ್ತದೆ. ಮೇಲ್ಕಂಡ ಕಾರಣಗಳಲ್ಲಿ ಒಂದು ಇದ್ದರೂ ಗುಪ್ತ ಕ್ಯಾನ್ಸರ್ ಸಂಭವ ಬಹಳಷ್ಟು ಕಡಿಮೆಯಾಗುತ್ತದೆ. ಆದುದರಿಂದ ವೈದ್ಯರು ಕೇಳುವ ಪ್ರಶ್ನೆಗಳಿಗೆ ಮರೆಮಾಚದೆ ಉತ್ತರಿಸತಕ್ಕದ್ದು. ಗರ್ಭಪಾತ, ಮಾತ್ರೆಗಳ ಸೇವನೆ, ತಂಬಾಕು, ಗುಟ್ಕಾ, ಮದ್ಯ ಮುಂತಾದವುಗಳ ವಿವರವನ್ನು ಸಂಕೋಚದಿಂದ ಮುಚ್ಚಿಟ್ಟಲ್ಲಿ ತಪಾಸಣೆಯು ತಪ್ಪು ದಾರಿ ಹಿಡಿಯುತ್ತದೆ.

4. ಹೆಪ್ಪಿಗೂ ಕ್ಯಾನ್ಸರಿಗೂ ಏನು ಸಂಬಂಧ?

ಕೆಲವು ಕ್ಯಾನ್ಸರ್ ಕೋಶಗಳು ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಹೊರಸೂಸುತ್ತವೆ. ಗಡ್ಡೆಯು ಅಭಿಧಮನಿಯನ್ನು ಒತ್ತಿದಲ್ಲಿ ರಕ್ತದ ಹರಿವು ನಿಧಾನವಾಗುತ್ತದೆ. ಹೀಗಾಗಿ ಕೆಲವರಲ್ಲಿ ಕ್ಯಾನ್ಸರಿನ ಬೇರೆ ಲಕ್ಷಣಗಳಿಗಿಂತ ಮೊದಲೇ ಹೆಪ್ಪು ಕಾಣಿಸಿಕೊಳ್ಳುತ್ತದೆ. ಮೇದೋಜ್ಜೀರಕ ಗ್ರಂಥಿ, ಜಠರ, ಶ್ವಾಸಕೋಶ, ಅಂಡಾಶಯ ಮತ್ತು ಮೆದುಳಿನ ಕ್ಯಾನ್ಸರ್‌ಗಳಲ್ಲಿ ಹಾಗೂ ಕೆಲವು ರಕ್ತ ಸಂಬಂಧಿ ಕ್ಯಾನ್ಸರ್‌ಗಳಲ್ಲಿ ಈ ಪ್ರವೃತ್ತಿ ಅಧಿಕ.

ಈ ಸಂಬಂಧವನ್ನು ಪ್ಯಾರಿಸ್ ನಗರದ ವೈದ್ಯ ಅರ್ಮಾಂ ಟ್ರೂಸೋ ಅವರು 1865ರಲ್ಲಿ ತಮ್ಮ ಉಪನ್ಯಾಸದಲ್ಲಿ ವಿವರಿಸಿದರು. ಎರಡು ವರ್ಷಗಳ ನಂತರ ಅವರಿಗೇ ಅಭಿಧಮನಿಯಲ್ಲಿ ಹೆಪ್ಪು ಕಾಣಿಸಿಕೊಂಡಿತು. ಅದೇ 1867ರಲ್ಲಿ ಅವರು ಜಠರದ ಕ್ಯಾನ್ಸರಿನಿಂದ ನಿಧನರಾದರು. ಇಂದಿಗೂ ವೈದ್ಯಕೀಯ ಗ್ರಂಥಗಳಲ್ಲಿ ಈ ಸ್ಥಿತಿಯನ್ನು ಅವರ ಹೆಸರಿನಿಂದಲೇ ಕರೆಯಲಾಗುತ್ತದೆ.

5. ಸಂಭವ ಎಷ್ಟು?

ವಿವಿಧ ದೇಶಗಳ 10 ಅಧ್ಯಯನಗಳಲ್ಲಿದ್ದ 2,316 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯ ಪ್ರಕಾರ, ಕಾರಣ ತಿಳಿಯದ ಹೆಪ್ಪು ಉಂಟಾದವರಲ್ಲಿ ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾದವರ ಪ್ರಮಾಣ ಶೇಕಡ 5.2. ಅಂದರೆ 100 ಜನರಲ್ಲಿ ಸುಮಾರು 5 ಜನರಿಗೆ ಕ್ಯಾನ್ಸರ್ ಇದ್ದಿತು. ಉಳಿದ ಸುಮಾರು 95 ಜನರಲ್ಲಿ ಆ ಅವಧಿಯಲ್ಲಿ ಕ್ಯಾನ್ಸರ್ ಕಂಡುಬರಲಿಲ್ಲ.

ವಯಸ್ಸಿನಿಂದ ಈ ಪ್ರಮಾಣ ಬಹಳವಾಗಿ ಬದಲಾಗುತ್ತದೆ. 50 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಇದು ಶೇಕಡ 6.8 ಇದ್ದು, 50 ವರ್ಷದೊಳಗಿನವರಲ್ಲಿ ಕೇವಲ ಶೇಕಡ 1 ಇದ್ದಿತು. ಆದುದರಿಂದ 30 ವರ್ಷದ ಯುವಕನಿಗೂ 68 ವರ್ಷದ ಹಿರಿಯರಿಗೂ ಒಂದೇ ಅಳತೆಗೋಲು ಸಲ್ಲದು.

6. ಹೆಚ್ಚು ಸ್ಕ್ಯಾನ್ ಮಾಡಿಸಿದರೆ ಹೆಚ್ಚು ಲಾಭವೇ?

ಈ ಪ್ರಶ್ನೆಗೆ ಉತ್ತರ ಪಡೆಯಲು ಕೆನಡಾ ದೇಶದಲ್ಲಿ ಒಂದು ಅಧ್ಯಯನವನ್ನು ಕೈಗೊಂಡು 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಮೊದಲ ಬಾರಿಗೆ ಕಾರಣ ತಿಳಿಯದ ಹೆಪ್ಪು ಉಂಟಾದ 854 ರೋಗಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲನೆಯ ಗುಂಪಿಗೆ ಸಾಮಾನ್ಯ ತಪಾಸಣೆ ಮಾತ್ರ. ಎರಡನೆಯ ಗುಂಪಿಗೆ ಸಾಮಾನ್ಯ ತಪಾಸಣೆಯ ಜೊತೆಗೆ ಹೊಟ್ಟೆ ಮತ್ತು ಕೆಳಹೊಟ್ಟೆಯ ವಿಸ್ತೃತ ಸಿ.ಟಿ. ಸ್ಕ್ಯಾನ್. ಒಂದು ವರ್ಷದ ನಂತರ ಕಂಡುಬಂದ ಲೆಕ್ಕ ಈ ಕೆಳಕಂಡಂತಿದೆ.

ಸಾಮಾನ್ಯ ತಪಾಸಣೆಯ ಗುಂಪು: ರೋಗಿಗಳು 431, ಒಟ್ಟು ಕ್ಯಾನ್ಸರ್ 14, ತಪಾಸಣೆಯಲ್ಲಿ ಪತ್ತೆಯಾದವು 10, ಕಣ್ತಪ್ಪಿದವು 4.

ಸಿ.ಟಿ. ಸ್ಕ್ಯಾನ್ ಸೇರಿದ ಗುಂಪು: ರೋಗಿಗಳು 423, ಒಟ್ಟು ಕ್ಯಾನ್ಸರ್ 19, ತಪಾಸಣೆಯಲ್ಲಿ ಪತ್ತೆಯಾದವು 14, ಕಣ್ತಪ್ಪಿದವು 5.

ಗಮನಿಸಬೇಕಾದ ಅಂಶವೆಂದರೆ, ಸ್ಕ್ಯಾನ್ ಮಾಡಿಸಿದ ಗುಂಪಿನಲ್ಲಿಯೂ ಕಣ್ತಪ್ಪಿದ ಕ್ಯಾನ್ಸರ್‌ಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಪತ್ತೆಯಾಗಲು ತಗುಲಿದ ಸರಾಸರಿ ಅವಧಿ ಮೊದಲ ಗುಂಪಿನಲ್ಲಿ 4.2 ತಿಂಗಳು, ಎರಡನೆಯ ಗುಂಪಿನಲ್ಲಿ 4.0 ತಿಂಗಳು. ಕ್ಯಾನ್ಸರಿನಿಂದಾದ ಸಾವಿನ ಪ್ರಮಾಣದಲ್ಲಿಯೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಫ್ರಾನ್ಸ್ ದೇಶದಲ್ಲಿ 394 ರೋಗಿಗಳ ಮೇಲೆ ಇಡೀ ದೇಹದ ಪೆಟ್ ಸ್ಕ್ಯಾನ್ ಕುರಿತು ಇಂತಹುದೇ ಅಧ್ಯಯನ ನಡೆದು 2016ರಲ್ಲಿ ಪ್ರಕಟವಾಯಿತು. ಪೆಟ್ ಸ್ಕ್ಯಾನ್ ಮಾಡಿಸಿದ 197 ಜನರಲ್ಲಿ 11 ಕ್ಯಾನ್ಸರ್, ಸಾಮಾನ್ಯ ತಪಾಸಣೆಯ 197 ಜನರಲ್ಲಿ 4 ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದವು. ಈ ವ್ಯತ್ಯಾಸವು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವೆನ್ನುವ ಮಟ್ಟವನ್ನು ತಲುಪಲಿಲ್ಲ. ಪೆಟ್ ಸ್ಕ್ಯಾನ್ ಸಹಜವಾಗಿ ಬಂದವರಲ್ಲಿ ನಂತರ ಕ್ಯಾನ್ಸರ್ ಕಾಣಿಸಿಕೊಂಡದ್ದು ವಿರಳ ಎಂಬುದೂ ನಿಜ. ಆದರೆ ಅದರಿಂದ ಜೀವ ಉಳಿಯುವ ಪ್ರಮಾಣ ಹೆಚ್ಚಿತೆಂದು ಈ ಅಧ್ಯಯನದಿಂದ ಸಿದ್ಧಪಡಲಿಲ್ಲ.

ಇಂತಹ ಅಧ್ಯಯನಗಳ ನಂತರ ವೈದ್ಯಕೀಯ ಮಾರ್ಗಸೂಚಿಗಳೂ ಬದಲಾದವು. ಇಂಗ್ಲೆಂಡಿನ ರಾಷ್ಟ್ರೀಯ ಮಾರ್ಗಸೂಚಿಯು 2012ರಲ್ಲಿ, 40 ವರ್ಷ ಮೇಲ್ಪಟ್ಟ ಇಂತಹ ರೋಗಿಗಳಿಗೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಪರಿಗಣಿಸಬಹುದೆಂದು ಹೇಳಿತ್ತು. 2020ರ ಮಾರ್ಗಸೂಚಿಯಲ್ಲಿ, ಕ್ಯಾನ್ಸರಿನ ಲಕ್ಷಣಗಳಿಲ್ಲದವರಿಗೆ ಹೆಚ್ಚುವರಿ ಪರೀಕ್ಷೆಗಳು ಬೇಡವೆಂದು ಸೂಚಿಸಲಾಯಿತು.

7. ಅನಾವಶ್ಯಕ ಪರೀಕ್ಷೆಗಳಿಂದ ಆಗುವ ತೊಂದರೆಗಳು

ಅ) ಸ್ಕ್ಯಾನ್‌ನಲ್ಲಿ ಕಾಣುವ ಪ್ರತಿಯೊಂದು ಕಲೆಯೂ ಕ್ಯಾನ್ಸರ್ ಅಲ್ಲ. ಆದರೂ ಅದನ್ನು ಖಚಿತಪಡಿಸಿಕೊಳ್ಳಲು ಬಯಾಪ್ಸಿ ಮಾಡಬೇಕಾಗಬಹುದು.

ಆ) ಬಯಾಪ್ಸಿಗಾಗಿ ಹೆಪ್ಪುರೋಧಕ ಔಷಧವನ್ನು ನಿಲ್ಲಿಸಬೇಕಾದ ಸಂದರ್ಭ ಬರುತ್ತದೆ. ಮೊದಲ 3 ತಿಂಗಳಲ್ಲಿ, ಅದರಲ್ಲಿಯೂ ಮೊದಲ ತಿಂಗಳಲ್ಲಿ, ಔಷಧ ನಿಲ್ಲಿಸಿದರೆ ಮತ್ತೆ ಹೆಪ್ಪುಗಟ್ಟುವ ಅಪಾಯ ಅಧಿಕ. ಇಲ್ಲದ ಕ್ಯಾನ್ಸರನ್ನು ಹುಡುಕಲು ಹೋಗಿ ಇರುವ ಹೆಪ್ಪಿನಿಂದ ಅಪಾಯಕ್ಕೊಳಗಾಗುವಂತಾಗಬಾರದು.

ಇ) ನಮ್ಮ ದೇಶದಲ್ಲಿ ಕ್ಷಯರೋಗವು ವ್ಯಾಪಕವಾಗಿದೆ. ಸಕ್ರಿಯ ಕ್ಷಯದ ಭಾಗಗಳು ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತವೆ. ಹಳೆಯ ಕ್ಷಯದ ಗುರುತುಗಳು ಸಿ.ಟಿ. ಸ್ಕ್ಯಾನ್‌ನಲ್ಲಿ ಸಂದೇಹ ಹುಟ್ಟಿಸುತ್ತವೆ. ಹಿಂದೆ ಕ್ಷಯರೋಗಕ್ಕೆ ಚಿಕಿತ್ಸೆ ಪಡೆದಿದ್ದಲ್ಲಿ ಅದನ್ನು ವೈದ್ಯರಿಗೆ ಕಡ್ಡಾಯವಾಗಿ ತಿಳಿಸತಕ್ಕದ್ದು.

ಈ) 'ಟ್ಯೂಮರ್ ಮಾರ್ಕರ್' ಎಂಬ ರಕ್ತ ಪರೀಕ್ಷೆಗಳು ಲಕ್ಷಣವಿಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ತಕ್ಕವಲ್ಲ. ಉದಾಹರಣೆಗೆ ಸಿ.ಎ. 125 ಎಂಬ ಪರೀಕ್ಷೆಯ ಪ್ರಮಾಣವು ಮುಟ್ಟಿನ ದಿನಗಳಲ್ಲಿ ಮತ್ತು ಹೊಟ್ಟೆಯ ಕ್ಷಯದಲ್ಲಿಯೂ ಏರುತ್ತದೆ.

ಉ) ಸಿ.ಟಿ. ಸ್ಕ್ಯಾನ್‌ನಿಂದ ವಿಕಿರಣ ತಗುಲುತ್ತದೆ. ಅದಕ್ಕೆ ನೀಡುವ ಬಣ್ಣದ ಔಷಧವು ಮೂತ್ರಪಿಂಡ ದುರ್ಬಲವಾಗಿರುವವರಿಗೆ ತೊಂದರೆ ಕೊಡಬಹುದು.

ಊ) ಕುಟುಂಬದ ಉಳಿತಾಯವು ಸ್ಕ್ಯಾನ್‌ಗೆ ವೆಚ್ಚವಾಗಿ, ತಿಂಗಳುಗಟ್ಟಲೆ ಸೇವಿಸಬೇಕಾದ ಹೆಪ್ಪುರೋಧಕ ಔಷಧಕ್ಕೆ ಹಣ ಸಾಲದಂತಾಗುವ ಸಂಭವವಿರುತ್ತದೆ. ಜೀವ ಉಳಿಸುವುದು ಈ ಔಷಧ ಎಂಬುದನ್ನು ಮರೆಯಬಾರದು.

8. ಪ್ರತಿಯೊಬ್ಬ ರೋಗಿಯೂ ಮಾಡಿಸಿಕೊಳ್ಳಬೇಕಾದ ತಪಾಸಣೆ

ಸಾಮಾನ್ಯ ತಪಾಸಣೆ ಎಂದರೆ ಅಲಕ್ಷ್ಯದ ತಪಾಸಣೆ ಅಲ್ಲ. ಮೇಲ್ಕಂಡ ಕೆನಡಾ ಅಧ್ಯಯನದಲ್ಲಿ 14 ಕ್ಯಾನ್ಸರ್‌ಗಳ ಪೈಕಿ 10 ಪತ್ತೆಯಾದದ್ದು ಇದನ್ನು ಕ್ರಮವಾಗಿ ಮಾಡಿದ್ದರಿಂದ. ಇದರಲ್ಲಿ ಸೇರಿರಬೇಕಾದ ಅಂಶಗಳು:

ಅ) ಪೂರ್ಣ ವಿಚಾರಣೆ: ತೂಕ ಇಳಿಕೆ, ಹಸಿವು, ಮಲಮೂತ್ರ ವಿಸರ್ಜನೆಯಲ್ಲಿ ಬದಲಾವಣೆ, ರಕ್ತಸ್ರಾವ, ಕೆಮ್ಮು, ದುಶ್ಚಟಗಳು, ಕುಟುಂಬದಲ್ಲಿ ಕ್ಯಾನ್ಸರ್.

ಆ) ಪೂರ್ಣ ದೈಹಿಕ ಪರೀಕ್ಷೆ: ಬಾಯಿ, ಕುತ್ತಿಗೆ ಮತ್ತು ಕಂಕುಳಿನ ಗ್ರಂಥಿಗಳು, ಎದೆ, ಹೊಟ್ಟೆ, ಮಹಿಳೆಯರಿಗೆ ಸ್ತನ ಹಾಗೂ ಅವಶ್ಯವಿದ್ದಲ್ಲಿ ಗರ್ಭಾಶಯದ ಪರೀಕ್ಷೆ, ಪುರುಷರಿಗೆ ವಯಸ್ಸನ್ನು ಅನುಸರಿಸಿ ಪ್ರಾಸ್ಟೇಟ್ ಪರೀಕ್ಷೆ. ಮಹಿಳೆಯರು ಮಹಿಳಾ ವೈದ್ಯರನ್ನು ಅಥವಾ ಪರೀಕ್ಷೆಯ ವೇಳೆ ಮಹಿಳಾ ಸಿಬ್ಬಂದಿಯ ಹಾಜರಿಯನ್ನು ಕೋರಬಹುದು. ಮುಜುಗರದಿಂದ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು.

ಇ) ಪ್ರಯೋಗಾಲಯ ಪರೀಕ್ಷೆಗಳು: ಸಂಪೂರ್ಣ ರಕ್ತಕಣ ಎಣಿಕೆ, ಮೂತ್ರಪಿಂಡ ಮತ್ತು ಯಕೃತ್ತಿನ ಕಾರ್ಯ ಪರೀಕ್ಷೆ, ವೈದ್ಯರು ಸೂಚಿಸಿದಲ್ಲಿ ಕ್ಯಾಲ್ಸಿಯಂ ಮತ್ತು ಮೂತ್ರ ಪರೀಕ್ಷೆ.

ಈ) ಎದೆಯ ಎಕ್ಸ್-ರೇ. ಹೆಪ್ಪನ್ನು ಪತ್ತೆ ಮಾಡಲು ಎದೆಯ ಸಿ.ಟಿ. ಸ್ಕ್ಯಾನ್ ಈಗಾಗಲೇ ಆಗಿದ್ದಲ್ಲಿ ಅದರ ವರದಿಯನ್ನು ಕೊನೆಯ ಸಾಲಿನವರೆಗೆ ಓದಿಸತಕ್ಕದ್ದು. ಹೆಪ್ಪಿನ ವಿಷಯವಲ್ಲದೆ ಗಂಟು, ಗ್ರಂಥಿ ಮುಂತಾದ ಟಿಪ್ಪಣಿಗಳು ಅದರಲ್ಲಿ ಇರಬಹುದು.

ಉ) ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆ. ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ಬಾಯಿ ಕ್ಯಾನ್ಸರ್, ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ತಪಾಸಣೆಗೆ ಅವಕಾಶವಿದೆ. ಇದುವರೆಗೆ ಮಾಡಿಸಿಕೊಳ್ಳದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ವಿಚಾರಿಸತಕ್ಕದ್ದು.

9. ಹೆಚ್ಚಿನ ಪರೀಕ್ಷೆ ಯಾರಿಗೆ ಅವಶ್ಯಕ?

ಮೇಲಿನ ತಪಾಸಣೆಯಲ್ಲಿ ಯಾವುದೇ ಸಂಶಯಾಸ್ಪದ ಅಂಶ ಕಂಡುಬಂದಲ್ಲಿ ಮುಂದಿನ ಪರೀಕ್ಷೆಗಳನ್ನು ವಿಳಂಬವಿಲ್ಲದೆ ಮಾಡಿಸತಕ್ಕದ್ದು. ಅದು ರೋಗವನ್ನು ಖಚಿತಪಡಿಸುವ ಪರೀಕ್ಷೆಯೇ ಹೊರತು ಅನಾವಶ್ಯಕ ವೆಚ್ಚವಲ್ಲ. ಇದಲ್ಲದೆ ಕೆಳಕಂಡ ಸಂದರ್ಭಗಳಲ್ಲಿ ವೈದ್ಯರು ವಿಸ್ತೃತ ತಪಾಸಣೆಗೆ ಸೂಚಿಸಬಹುದು.

ಅ) ಔಷಧವನ್ನು ಕ್ರಮವಾಗಿ ಸೇವಿಸುತ್ತಿದ್ದರೂ ಮತ್ತೆ ಹೆಪ್ಪುಗಟ್ಟಿದಲ್ಲಿ
ಆ) ಎರಡೂ ಕಾಲುಗಳಲ್ಲಿ ಒಟ್ಟಿಗೆ ಹೆಪ್ಪು ಕಂಡುಬಂದಲ್ಲಿ
ಇ) ಯಕೃತ್ತಿನ ಅಥವಾ ಕರುಳಿನ ಅಭಿಧಮನಿಯಂತಹ ಅಪರೂಪದ ಸ್ಥಳದಲ್ಲಿ ಹೆಪ್ಪು ಉಂಟಾದಲ್ಲಿ
ಈ) ಚರ್ಮದ ಕೆಳಗಿನ ಅಭಿಧಮನಿಗಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಊತ ಬದಲಾಗುತ್ತಿದ್ದಲ್ಲಿ
ಉ) ಕಾರಣವಿಲ್ಲದ ರಕ್ತಹೀನತೆ ಇದ್ದಲ್ಲಿ, ಅಥವಾ ಪ್ಲೇಟ್‌ಲೆಟ್ ಸಂಖ್ಯೆ ಅಧಿಕವಾಗಿದ್ದಲ್ಲಿ

10. ನಂತರದ ಒಂದು ವರ್ಷ

ಯಾವುದೇ ತಪಾಸಣೆಯೂ ಎಲ್ಲ ಕ್ಯಾನ್ಸರ್‌ಗಳನ್ನೂ ಮೊದಲ ದಿನವೇ ಹಿಡಿಯಲಾರದು. ಆದುದರಿಂದ ವರದಿಗಳು ಸಹಜವಾಗಿದ್ದರೂ ವೈದ್ಯರು ಸೂಚಿಸಿದ ದಿನಾಂಕಗಳಂದು ಮರುಭೇಟಿ ನೀಡತಕ್ಕದ್ದು. ಪ್ರತಿ ತಿಂಗಳು ತೂಕ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಪ್ರಯತ್ನವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಹೊಟ್ಟೆನೋವು ಅಥವಾ ಬೆನ್ನುನೋವು, ಕಾಮಾಲೆ, ನುಂಗಲು ತೊಂದರೆ, ಮಾಯದ ಬಾಯಿಹುಣ್ಣು, ಹೊಸ ಗಂಟು, ಮುಟ್ಟು ನಿಂತ ನಂತರ ರಕ್ತಸ್ರಾವ, ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಮುಂದಿನ ದಿನಾಂಕಕ್ಕೆ ಕಾಯದೆ ವೈದ್ಯರನ್ನು ಕಾಣತಕ್ಕದ್ದು.

ವಿಶೇಷ ಗಮನಕ್ಕೆ: ಹೆಪ್ಪುರೋಧಕ ಔಷಧ ಸೇವಿಸುತ್ತಿರುವಾಗ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡುಬಂದಲ್ಲಿ, ಅದು ಔಷಧದ ಪರಿಣಾಮವಷ್ಟೇ ಎಂದು ತಾವಾಗಿಯೇ ತೀರ್ಮಾನಿಸಬಾರದು. ಕರುಳಿನ ಅಥವಾ ಮೂತ್ರಕೋಶದ ಗಡ್ಡೆಯು ಈ ರೀತಿ ಮೊದಲು ಬೆಳಕಿಗೆ ಬರುವುದುಂಟು. ತಾವಾಗಿಯೇ ಔಷಧವನ್ನೂ ನಿಲ್ಲಿಸದೆ ಅದೇ ದಿನ ವೈದ್ಯರ ಸಲಹೆ ಪಡೆಯತಕ್ಕದ್ದು. ಅಧಿಕ ರಕ್ತಸ್ರಾವವಾದಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳತಕ್ಕದ್ದು.

11. ಆಸ್ಪತ್ರೆಗೆ ಕೊಂಡೊಯ್ಯಬೇಕಾದ ದಾಖಲೆಗಳು

ಅ) ಹೆಪ್ಪು ಪತ್ತೆಯಾದ ಡಾಪ್ಲರ್ ಅಥವಾ ಸಿ.ಟಿ. ಸ್ಕ್ಯಾನ್ ವರದಿ, ಲಭ್ಯವಿದ್ದಲ್ಲಿ ಫಿಲ್ಮ್ ಅಥವಾ ಸಿ.ಡಿ.
ಆ) ಆಸ್ಪತ್ರೆಯ ಬಿಡುಗಡೆ ಸಾರಾಂಶ
ಇ) ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿ, ನಾಟಿ ಔಷಧ ಸೇವಿಸುತ್ತಿದ್ದಲ್ಲಿ ಅದರ ವಿವರ
ಈ) ಹಿಂದಿನ ರಕ್ತ ಪರೀಕ್ಷೆಗಳ ವರದಿಗಳು
ಉ) ಆಧಾರ್ ಮತ್ತು ಪಡಿತರ ಚೀಟಿ

ರೋಗಿ ಅಥವಾ ಅಧಿಕೃತ ಸಹಾಯಕರು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಒದಗಿಸಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ವಿನಿಯಮಗಳು ವಿಧಿಸುತ್ತವೆ. ಲಿಖಿತ ಕೋರಿಕೆ ಸಲ್ಲಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಸೂಕ್ತ. ದಾಖಲೆಗಳು ಕೈಯಲ್ಲಿದ್ದಲ್ಲಿ ಅದೇ ಪರೀಕ್ಷೆಗೆ ಎರಡನೇ ಬಾರಿ ಹಣ ತೆರುವುದು ತಪ್ಪುತ್ತದೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಫಲಾನುಭವಿಗಳು ಮೊದಲು ಸರ್ಕಾರಿ ಆಸ್ಪತ್ರೆಗೆ ಭೇಟಿ ನೀಡತಕ್ಕದ್ದು. ಉನ್ನತ ಚಿಕಿತ್ಸೆ ಅವಶ್ಯವಿದ್ದಲ್ಲಿ ಅಲ್ಲಿಂದ ಶಿಫಾರಸ್ಸು ಪತ್ರವನ್ನು ಪಡೆಯಬೇಕಾಗುತ್ತದೆ. ಯಾವ ಪರೀಕ್ಷೆ ಯೋಜನೆಯಡಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಪರೀಕ್ಷೆಗೆ ಮುಂಚಿತವಾಗಿಯೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸತಕ್ಕದ್ದು. ಕ್ಯಾನ್ಸರ್ ಇರುವುದು ಖಚಿತವಾದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆಗೆ ಅವಕಾಶವಿದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವೈದ್ಯರು ಸ್ಕ್ಯಾನ್ ಬರೆದುಕೊಟ್ಟಿಲ್ಲ. ಇದು ನಿರ್ಲಕ್ಷ್ಯವೇ?
ಉತ್ತರ: ಕ್ರಮಸಂಖ್ಯೆ 8ರಲ್ಲಿ ತಿಳಿಸಿದ ತಪಾಸಣೆ ಪೂರ್ಣಗೊಂಡು, ಸಂಶಯಾಸ್ಪದ ಅಂಶ ಕಂಡುಬಾರದಿದ್ದಲ್ಲಿ ಇದು ನಿರ್ಲಕ್ಷ್ಯವಲ್ಲ. ಆ ತಪಾಸಣೆಯೇ ನಡೆಯದಿದ್ದಲ್ಲಿ ಅದನ್ನು ವಿನಯದಿಂದ ಕೇಳಿ ಪಡೆಯುವ ಹಕ್ಕು ತಮಗಿದೆ.

ಪ್ರಶ್ನೆ: ಇಡೀ ದೇಹದ ಸ್ಕ್ಯಾನ್ ಮಾಡಿಸುವಂತೆ ಸೂಚಿಸಲಾಗಿದೆ. ಏನು ಮಾಡಬೇಕು?
ಉತ್ತರ: ಯಾವ ಲಕ್ಷಣ ಅಥವಾ ಯಾವ ವರದಿಯ ಆಧಾರದ ಮೇಲೆ ಸೂಚಿಸಲಾಗಿದೆ ಎಂದು ಕೇಳಿ ತಿಳಿದುಕೊಳ್ಳಿ. ನಿರ್ದಿಷ್ಟ ಕಾರಣವಿದ್ದಲ್ಲಿ ವಿಳಂಬ ಮಾಡಬೇಡಿ. ನಿರ್ದಿಷ್ಟ ಕಾರಣವಿಲ್ಲದಿದ್ದಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬಹುದು.

ಪ್ರಶ್ನೆ: ಕಾಲಿನ ಊತ ಇಳಿದಿದೆ. ಔಷಧ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಾರದು. ಚಿಕಿತ್ಸೆಯ ಅವಧಿ ಕನಿಷ್ಠ 3 ತಿಂಗಳು. ಕಾರಣ ತಿಳಿಯದ ಹೆಪ್ಪಿನಲ್ಲಿ ಅನೇಕರಿಗೆ ಇನ್ನೂ ದೀರ್ಘಕಾಲ ಬೇಕಾಗುತ್ತದೆ. ಅವಧಿಯನ್ನು ವೈದ್ಯರೇ ನಿರ್ಧರಿಸತಕ್ಕದ್ದು.

ಪ್ರಶ್ನೆ: ತಂದೆಯವರಿಗೆ ವಿಷಯ ತಿಳಿಸಿದರೆ ಗಾಬರಿಯಾಗುತ್ತಾರೆ. ತಿಳಿಸದೆಯೇ ಪರೀಕ್ಷೆ ಮಾಡಿಸಬಹುದೇ?
ಉತ್ತರ: ತಿಳಿಸುವುದೇ ಉತ್ತಮ. ತೂಕ, ಹಸಿವು, ರಕ್ತಸ್ರಾವ ಮುಂತಾದ ಲಕ್ಷಣಗಳನ್ನು ಮೊದಲು ಗಮನಿಸುವವರು ರೋಗಿಯೇ. ಅವರಿಗೆ ಕಾರಣ ತಿಳಿಯದಿದ್ದಲ್ಲಿ ಸಣ್ಣ ವಿಷಯವೆಂದು ಹೇಳದೆ ಬಿಡುವ ಸಂಭವವಿದೆ. 100ರಲ್ಲಿ ಸುಮಾರು 95 ಜನರಲ್ಲಿ ಒಂದು ವರ್ಷದೊಳಗೆ ಕ್ಯಾನ್ಸರ್ ಕಂಡುಬರುವುದಿಲ್ಲ ಎಂಬ ಅಂಶವನ್ನೂ ಅವರಿಗೆ ತಿಳಿಸಿ.

ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ನೀಡಲಾಗಿದೆ. ಇದು ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ. ಪ್ರತಿ ರೋಗಿಯ ಸ್ಥಿತಿಗತಿಯನ್ನು ಅನುಸರಿಸಿ ಚಿಕಿತ್ಸೆ ನೀಡುವ ವೈದ್ಯರ ತೀರ್ಮಾನವೇ ಅಂತಿಮವಾಗಿರುತ್ತದೆ.